ಲೆಕ್ಕಕ್ಕೆ ಬಾರದ ವರ್ಷ

ಪ್ರತಿಮಾ ಮುಂಬೈಯಿಂದ ಕೂಟಗಲ್ಲಿಗೆ ಹಿಂದಿರುಗಿದ ದಿನ ಮನೆಯ ರೇಷ್ಮೆಹುಳುಗಳು ಮೂರನೆಯ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿದ್ದವು. ಜ್ವರ ಬಿಟ್ಟ ಹುಳುವಿಗೆ ಹಸಿವು ಹೆಚ್ಚು. ಹಾಗಾಗಿ ರಾಮನಗರದ ರೈಲು ನಿಲ್ದಾಣಕ್ಕೆ ಗಂಡ ಜಯಕುಮಾರ್ ಒಬ್ಬನೇ ಬಂದಿದ್ದ. ಉಳಿದವರೆಲ್ಲ ಸೊಪ್ಪು ಕೊಯ್ಯುವುದರಲ್ಲಿ, ಹಾಕುವುದರಲ್ಲಿ ಮುಳುಗಿದ್ದರು. ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಬೈಕಿನಿಂದ ಇಳಿದ ಸೊಸೆಯನ್ನು ಕಂಡು ಅತ್ತೆ ಸರಸಮ್ಮ ಹುಳುಮನೆಯ ಬಾಗಿಲಿಂದಲೇ ಕೂಗಿದರು.

“ಬಂದ್ಯೇನವ್ವಾ? ಮೊದ್ಲು ನೀರು ಉಯ್ಕೊ. ರೈಲಲ್ಲಿ ಬಂದಿದ್ದೀಯ, ಈ ಕಡೀಕೆ ಬರ್ಬ್ಯಾಡ. ಹುಳಕ್ಕೆ ಆಗಕ್ಕಿಲ್ಲ.”

ಅವರ ಸೆರಗು ಹಿಡಿದುಕೊಂಡಿದ್ದ ಐದು ವರ್ಷದ ಸಿರಿ ಇಣುಕಿ ನೋಡಿ ಅಜ್ಜಿಗೆ ಹೇಳಿದಳು: “ಅಮ್ಮಾ, ಬಾಂಬೆ ಅಮ್ಮ ಬಂದ್ಳು.”

ಎಲ್ಲರೂ ನಕ್ಕರು. ಪ್ರತಿಮಾಳೂ ನಕ್ಕಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನೀರಿನ ಸದ್ದು ಬಹಳ ಹೊತ್ತು ಬರಲಿಲ್ಲ.

ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದ ಪ್ರತಿಮಾ ಎಂಬಿಬಿಎಸ್ ಮುಗಿಸಿ ರೋಗಶಾಸ್ತ್ರದಲ್ಲಿ ಎಂ.ಡಿ. ಮಾಡಿದ್ದಳು. ಈ ಶಾಸ್ತ್ರದ ವೈದ್ಯರು ರೋಗಿಯನ್ನು ನೋಡುವುದು ಕಡಿಮೆ. ರೋಗಿಯ ರಕ್ತವನ್ನು, ಗಡ್ಡೆಯ ಚೂರನ್ನು ನೋಡುತ್ತಾರೆ. ಅದಾದ ಮೇಲೆ ಮಾಲಿಕ್ಯುಲರ್ ಪೆಥಾಲಜಿ ಎಂಬ ಹೊಸ ವಿದ್ಯೆಯಲ್ಲಿ ಒಂದು ವರ್ಷದ ಫೆಲೋಶಿಪ್ಪಿಗೆ ಅರ್ಜಿ ಹಾಕಿದಳು. ಮುಂಬೈಯ ಆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದ್ದದ್ದು ಎರಡೇ ಸೀಟು. ಒಂದು ಇವಳಿಗೆ ಸಿಕ್ಕಿತು. ಆಗ ಸಿರಿಗೆ ನಾಲ್ಕು ವರ್ಷ. ಜಯಕುಮಾರ್ ಮಾಗಡಿಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. “ಒಂದೇ ವರ್ಷ ಕಣಮ್ಮ, ಕಣ್ಣು ಮುಚ್ಚಿ ತೆಗೆಯೋಷ್ಟ್ರಲ್ಲಿ ಹೋಗ್ತದೆ” ಎಂದು ತಾಯಿಯನ್ನು ಒಪ್ಪಿಸಿದವನು ಅವನೇ. ಆ ವರ್ಷವೆಲ್ಲ ಸರಸಮ್ಮ ಮಗುವಿಗೆ ಉಣಿಸಿ ಮಲಗಿಸಿದರು. ಜಯಕುಮಾರನ ತಮ್ಮ ಸ್ವಾಮಿ ದಿನಾ ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ, ಅದೇ ಕೈಯಲ್ಲಿ ಬೈಕು ಹತ್ತಿ ಸಿರಿಯನ್ನು ರಾಮನಗರದ ಶಾಲೆಗೆ ಬಿಟ್ಟು ಬಂದ.

ಊರಿನವರಿಗೆ ಡಾಕ್ಟರಮ್ಮ ಬಂದದ್ದು ಗೊತ್ತಾಗಿ ಜಗಲಿಗೆ ಜನ ಬಂದರು. ಒಬ್ಬರಿಗೆ ಸೊಂಟ, ಒಬ್ಬರಿಗೆ ಕೆಮ್ಮು. ಪ್ರತಿಮಾ ಎಲ್ಲರನ್ನೂ ವಿಚಾರಿಸಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ ಎಂದಳು.

“ಹಂಗಾರೆ ನೀವು ಇಂಜೆಕ್ಷನ್ ಕೊಡಕ್ಕಿಲ್ವಾ?”

ಮಾವ ಹನುಮಂತಯ್ಯನವರು ಸೊಸೆಯ ಪರ ವಹಿಸಿದರು. “ರೇಷ್ಮೆ ಮೊಟ್ಟೆ ಕೋಠೀಲಿ ತಾಯಿ ಚಿಟ್ಟೆ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತಾರಲ್ಲಪ್ಪ? ಗಂಟುರೋಗ ಕಂಡ್ರೆ ಮೊಟ್ಟೆ ಸುಟ್ಟಾಕ್ತಾರಲ್ಲ? ಹಂಗೆ ಇವ್ಳು. ರೋಗದ ಬುಡ ಹುಡುಕೋಳು. ಇಂಜೆಕ್ಷನ್ ಚುಚ್ಚೋರು ಬೀದಿಗೊಬ್ರವ್ರೆ.”

ಜನ ತಲೆಯಾಡಿಸಿ ಎದ್ದರು. ವಾರ ಕಳೆಯುವುದರಲ್ಲಿ, ಓದು ಜಾಸ್ತಿಯಾಗಿ ಡಾಕ್ಟರಮ್ಮನಿಗೆ ಔಷಧಿ ಮರೆತುಹೋಗಿದೆ ಎಂಬ ಮಾತು ಹಾಲಿನ ಡೈರಿಯಲ್ಲಿ ಹುಟ್ಟಿ ಮನೆಯವರೆಗೂ ಬಂತು.

ಫೆಬ್ರವರಿ, ಮಾರ್ಚು ಎರಡು ತಿಂಗಳೂ ಅವಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಬಂದಳು. ಮೊದಲ ಲ್ಯಾಬಿನಲ್ಲಿ ಇವಳಿಗಿಂತ ಚಿಕ್ಕ ವಯಸ್ಸಿನ ಹುಡುಗನೊಬ್ಬ ಕಡತ ತಿರುವಿ ನೋಡಿ, “ಮೇಡಂ, ಸ್ವತಂತ್ರವಾಗಿ ರಿಪೋರ್ಟಿಗೆ ಸಹಿ ಹಾಕಿದ ಅನುಭವ ಎಷ್ಟು ವರ್ಷದ್ದು?” ಎಂದು ಕೇಳಿದ.

“ಫೆಲೋಶಿಪ್ಪಿನಲ್ಲಿ ಸಾವಿರಕ್ಕೂ ಹೆಚ್ಚು ಕೇಸು ನೋಡಿದ್ದೀನಿ. ಸಹಿ ಮೇಲಿನವರು ಹಾಕ್ತಿದ್ರು.”

“ನಮಗೆ ಎರಡು ವರ್ಷ ಸಹಿ ಹಾಕಿದವರು ಬೇಕು.”

“ಯಾರಾದರೂ ಕೆಲಸ ಕೊಟ್ಟರೆ ತಾನೇ ಸಹಿ ಹಾಕೋದು?”

“ನಿಜ ಮೇಡಂ,” ಎಂದು ಅವನು ಮರ್ಯಾದೆಯಿಂದಲೇ ಒಪ್ಪಿಕೊಂಡು ನೀರಿನ ಬಾಟಲಿ ಮುಂದಿಟ್ಟ.

ಎರಡನೆಯ ಲ್ಯಾಬಿನವರು ಮಾಲಿಕ್ಯುಲರ್ ವಿಭಾಗವನ್ನೇ ಮುಚ್ಚಿ, ಯಂತ್ರವನ್ನು ಗುರುಗ್ರಾಮದ ಮುಖ್ಯ ಕಚೇರಿಗೆ ಸಾಗಿಸಿದ್ದರು. ಖಾಲಿ ಕೋಣೆಯಲ್ಲಿ ಯಂತ್ರ ಇದ್ದ ಜಾಗ ನೆಲದ ಮೇಲೆ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು. ಮೂರನೆಯ ಕಡೆ ಪಿಎಚ್‌ಡಿ ಮಾಡಿದ ವಿಜ್ಞಾನಿಗಳಿದ್ದರು. ಡಾಕ್ಟರು ಒಬ್ಬರೇ ಸಾಕು, ಆ ಒಬ್ಬರು ಆಗಲೇ ಇದ್ದಾರೆ ಎಂದರು. ಕೊನೆಗೆ ಕನಕಪುರ ರಸ್ತೆಯ ಖಾಸಗಿ ಮೆಡಿಕಲ್ ಕಾಲೇಜೊಂದಕ್ಕೆ ಹೋದಳು. ಅಲ್ಲಿನ ಆಡಳಿತಾಧಿಕಾರಿ ಅರ್ಜಿಯ ಮೇಲೆ ಬೆರಳಾಡಿಸಿ ಒಂದು ಸಾಲಿನ ಬಳಿ ನಿಲ್ಲಿಸಿದರು.

“ಈ ಮುಂಬೈ ವರ್ಷ ಇದೆಯಲ್ಲಮ್ಮ, ಇದು ಬೋಧನೆ ಅನುಭವಕ್ಕೆ ಸೇರೋದಿಲ್ಲ.”

“ಹೆಚ್ಚಿನ ತರಬೇತಿ ಸಾರ್ ಅದು.”

“ಇರಬಹುದು. ನಮ್ಮ ಲೆಕ್ಕದಲ್ಲಿ ಆ ವರ್ಷ ನೀವು ಎಲ್ಲೂ ಇರಲಿಲ್ಲ. ನಿಮ್ಮ ಜೂನಿಯರ್ ಒಬ್ಬರು ಇಲ್ಲೇ ಇದ್ದಾರೆ, ಈಗ ನಿಮಗಿಂತ ಸೀನಿಯರ್. ಸದ್ಯಕ್ಕೆ ಜಾಗನೂ ಇಲ್ಲ. ಆದರೆ ಹೇಳಿ ಕಳಿಸ್ತೀವಿ.”

ಮನೆಗೆ ಬಂದಾಗ ಸರಸಮ್ಮ ಮುದ್ದೆ ಕಟ್ಟುತ್ತಿದ್ದರು. “ಏನಂದ್ರವ್ವಾ?”

“ಹೇಳಿ ಕಳಿಸ್ತಾರಂತೆ ಅತ್ತೆ.”

“ಎಲ್ರೂ ಹಂಗೇ ಅಂತಾರಲ್ಲ. ಕೂತ್ಕೊ, ಬಿಸೀದು ಉಣ್ಣು. ಹುರಳಿ ಬಸ್ಸಾರು ಐತೆ.”

ಪ್ರತಿಮಾ ಕೂತು ಉಂಡಳು. ಸಿರಿ ಅಜ್ಜಿಯ ತೊಡೆಯ ಮೇಲೆ ಕೂತು, ಅಜ್ಜಿಯ ಕೈಯಿಂದಲೇ ತುತ್ತು ತಿಂದಳು. ಪ್ರತಿಮಾ ಒಂದು ತುತ್ತು ಮುಂದೆ ಮಾಡಿದರೆ ಬಾಯಿ ತೆರೆದಳು. ಆದರೆ ನೆಂಟರ ಕೈಯಿಂದ ಇಸಕೊಳ್ಳುವ ಹಾಗೆ, ಅಜ್ಜಿಯ ಮುಖ ನೋಡಿಕೊಂಡು.

ಏಪ್ರಿಲ್‌ನಲ್ಲಿ ಸ್ವಾಮಿಗೆ ಹೆಣ್ಣು ನೋಡಲು ಮರಳವಾಡಿಗೆ ಹೊರಟರು. ಸ್ವಾಮಿಗೆ ಮೂವತ್ತಾರು. ಇದು ಹನ್ನೊಂದನೆಯ ಹೆಣ್ಣು. ನೀರಾವರಿ ಜಮೀನು, ವರ್ಷಕ್ಕೆ ಎಂಟು ಬೆಳೆ ಗೂಡು, ಕುಡಿತವಿಲ್ಲ, ಬೀಡಿಯಿಲ್ಲ. ಆದರೂ ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದದ್ದು “ಹುಡುಗ ಯಾವ ಕೆಲಸದಲ್ಲವ್ನೆ” ಎಂದು. ಬೇಸಾಯ ಎಂದರೆ, “ಅದು ಸರಿ, ಕೆಲ್ಸ ಏನು?” ಎಂದು ಮತ್ತೆ ಕೇಳುತ್ತಿದ್ದರು.

ಹುಡುಗಿಯ ತಂದೆ ಕಬ್ಬಾಳೇಗೌಡ ನೇರ ಮನುಷ್ಯ. ಕೇಸರಿಬಾತು, ಕಾಫಿ ಆದ ಮೇಲೆ ಸ್ವಾಮಿಯನ್ನು ಬಿಟ್ಟು ಪ್ರತಿಮಾಳ ಕಡೆ ತಿರುಗಿ ಕೂತ.

“ಡಾಕ್ಟ್ರಮ್ಮ, ನೀವು ಲ್ಯಾಬಿನ ಡಾಕ್ಟ್ರಂತೆ?”

“ಹೌದು.”

“ನಮ್ ಅಮೂಲ್ಯ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡವ್ಳೆ. ಕನಕಪುರದಲ್ಲಿ ಕೆಲ್ಸಕ್ಕೆ ಹೋಯ್ತಾಳೆ. ನಾನು ಬಿಚ್ಚಿ ಹೇಳ್ಬುಡ್ತೀನಿ, ಮನಸ್ಸಿಗೆ ತಕಬೇಡಿ. ಹುಳಕ್ಕೆ ಸೊಪ್ಪು ಹಾಕಕ್ಕೆ ನನ್ ಮಗಳ್ನ ಕೊಡಕ್ಕಿಲ್ಲ. ನೀವೊಂದು ಲ್ಯಾಬು ಮಾಡಿ ರಾಮನಗರದಲ್ಲಿ. ನಿಮ್ ಹೆಸ್ರು, ನಿಮ್ ಸೈನು. ನನ್ ಮಗ್ಳು ಒಳಗಡೆ ಕೆಲ್ಸ ನೋಡ್ಕತಾಳೆ, ಅಳಿಯಂದ್ರು ವ್ಯವಹಾರ ನೋಡ್ಕತಾರೆ. ನಾಲ್ಕು ಜನದ ಮುಂದೆ ಲ್ಯಾಬಿಟ್ಟವ್ರೆ ಅಂತ ಹೇಳ್ಕಬೋದು. ಅಲ್ವರಾ ಹನುಮಂತಯ್ಯ?”

ಹನುಮಂತಯ್ಯ ಸೊಸೆಯ ಕಡೆ ನೋಡಲಿಲ್ಲ. ಲೋಟದ ತಳದಲ್ಲಿ ಕಾಫಿ ಇರಲಿಲ್ಲವಾದರೂ ಮತ್ತೊಮ್ಮೆ ತುಟಿಗಿಟ್ಟರು. ಸ್ವಾಮಿ ನೆಲ ನೋಡುತ್ತ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು.

ಕೈ ತೊಳೆಯಲು ಹಿತ್ತಿಲಿಗೆ ಬಂದ ಪ್ರತಿಮಾಳಿಗೆ ನೀರು ಹಾಕಲು ಅಮೂಲ್ಯ ಬಂದಳು. ಇಪ್ಪತ್ತಾರರ ಹುಡುಗಿ. ಚೊಂಬು ಹಿಡಿದುಕೊಂಡೇ ಮೆಲ್ಲಗೆ ಕೇಳಿದಳು.

“ಅಕ್ಕಾ, ಮುಂಬೈಲಿ ನೀವು ಓದಿದ್ದು ಏನು? ಪಿಸಿಆರ್ ತರದ್ದಾ?”

ಪ್ರತಿಮಾ ತಿರುಗಿ ನೋಡಿದಳು. ಊರಿಗೆ ಬಂದು ಮೂರು ತಿಂಗಳಾದರೂ ಈ ಪ್ರಶ್ನೆಯನ್ನು ಯಾರೂ ಹೀಗೆ ಕೇಳಿರಲಿಲ್ಲ.

“ಅದೂ ಬರುತ್ತೆ. ಕ್ಯಾನ್ಸರ್ ಗಡ್ಡೆಯ ಚೂರನ್ನ ಮೇಣದಲ್ಲಿ ಹುದುಗಿಸಿ ಇಟ್ಟಿರ್ತಾರಲ್ಲ, ಅದನ್ನ ಕೂದಲಿಗಿಂತ ತೆಳ್ಳಗೆ ಕೊಯ್ದು ಡಿಎನ್‌ಎ ತೆಗೀತೀವಿ. ಯಂತ್ರ ಅದನ್ನ ಅಕ್ಷರ ಅಕ್ಷರವಾಗಿ ಓದುತ್ತೆ. ಯಾವ ಅಕ್ಷರ ತಪ್ಪಿದೆ ಅಂತ ನಾವು ಹುಡುಕಬೇಕು. ಕೆಲವು ತಪ್ಪಿಗೆ ಮಾತ್ರೆ ಇದೆ. ಆ ತಪ್ಪು ಸಿಕ್ಕಿದರೆ, ಕೀಮೋ ತಡೆಯಲಾರದೆ ಮಲಗಿದವರು ಮಾತ್ರೆ ನುಂಗಿ ಎದ್ದು ಓಡಾಡ್ತಾರೆ. ನಾನೇ ನೋಡಿದ್ದೀನಿ.”

“ಸಿಕ್ಕದೆ ಇದ್ರೆ?”

“ಸಿಕ್ಕಲಿಲ್ಲ ಅಂತ ಬರೀತೀವಿ.”

ಅಮೂಲ್ಯ ಚೊಂಬು ಬಗ್ಗಿಸುವುದನ್ನೇ ಮರೆತಿದ್ದಳು. “ನಾವು ರಕ್ತ ತೆಗೆದು ಬಸ್ಸಿಗೆ ಹಾಕ್ತೀವಿ ಅಷ್ಟೆ ಅಕ್ಕ. ರಿಪೋರ್ಟ್ ಕಂಪ್ಯೂಟ್ರಲ್ಲಿ ಬತ್ತದೆ, ಡಾಕ್ಟ್ರ ಸೈನು ಮೊದ್ಲೇ ಅದ್ರಲ್ಲಿ ಇರ್ತದೆ. ಎರಡು ವರ್ಷ ಆಯ್ತು, ಆ ಡಾಕ್ಟ್ರು ಹೆಂಗವ್ರೆ ಅಂತ ನಾನು ನೋಡಿಲ್ಲ. ನೀವು ಲ್ಯಾಬು ಮಾಡಿದ್ರೆ ನಂಗೆ ಹೇಳ್ಕೊಡ್ತೀರಾ?”

“ನಾನು ಕಲಿತದ್ದು ರಾಮನಗರದ ಲ್ಯಾಬಲ್ಲಿ ಆಗೋದಲ್ಲ ಅಮೂಲ್ಯ. ಅದಕ್ಕೆ ಬೇರೆಯೇ ಯಂತ್ರಗಳು ಬೇಕು. ಇಲ್ಲಿ ಸಕ್ಕರೆ, ಮೂತ್ರ, ಥೈರಾಯ್ಡು.”

“ಅದಾರೂ ಸರಿ ಅಕ್ಕ. ನೋಡ್ತಾ ಹೇಳ್ಕೊಡೋರು ಒಬ್ರಿದ್ರೆ ಸಾಕು.”

ಮನೆಯಲ್ಲಿ ಆ ವಾರ ಯಾರೂ ಪ್ರತಿಮಾಳನ್ನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡದೆ ಇರುವುದೇ ದೊಡ್ಡ ಒತ್ತಾಯವಾಗಿತ್ತು. ಸರಸಮ್ಮ ಅವಳ ತಟ್ಟೆಗೆ ಒಂದು ಹನಿ ತುಪ್ಪ ಹೆಚ್ಚು ಹಾಕಿದರು. ಸ್ವಾಮಿ ಕೇಳದೆಯೇ ಅವಳ ಸ್ಕೂಟರಿಗೆ ಪೆಟ್ರೋಲು ತುಂಬಿಸಿ ತಂದ. ಭಾನುವಾರ ಹನುಮಂತಯ್ಯ ಗಂಟಲು ಸರಿಮಾಡಿಕೊಂಡು, “ರಾಮನಗರದ ಐಜೂರಲ್ಲೊಂದು ಮಳಿಗೆ ಖಾಲಿ ಐತಂತೆ ಕಣವ್ವಾ. ನೋಡಿದ್ರೆ ತಪ್ಪೇನಿಲ್ಲ” ಎಂದರು.

ನೋಡಿ ಬಂದರು. ಮಳಿಗೆ ಚೆನ್ನಾಗಿತ್ತು.

ಅದಾದ ನಾಲ್ಕನೆಯ ದಿನ ಮುಂಬೈಯಿಂದ ಮೇಲ್ ಬಂತು. ಅವಳು ಕಲಿತ ವಿಭಾಗದಲ್ಲೇ ಎರಡು ವರ್ಷದ ಗುತ್ತಿಗೆ ಹುದ್ದೆ. ಸ್ವತಂತ್ರವಾಗಿ ಸಹಿ ಹಾಕುವ ಅಧಿಕಾರ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಬೇಕು. ಪ್ರತಿಮಾ ಅದನ್ನು ಎರಡು ಸಲ ಓದಿ, ಅಕ್ಕಿ ಆರಿಸುತ್ತಿದ್ದ ಮೊರದ ಪಕ್ಕದಲ್ಲಿ ಫೋನು ಮುಖ ಅಡಿಯಾಗಿ ಇಟ್ಟು, ಅಕ್ಕಿ ಆರಿಸಿ ಮುಗಿಸಿದಳು. ಆಮೇಲೆ ಗಂಡನಿಗೆ ತೋರಿಸಿದಳು.

ಜಯಕುಮಾರ್ ಓದಿ ಮಂಚದ ತುದಿಯಲ್ಲಿ ಕೂತ. “ಎರಡು ವರ್ಷ.”

“ಎರಡು ವರ್ಷ ಸಹಿ ಹಾಕಿದ್ರೆ ಆಮೇಲೆ ಬೆಂಗಳೂರಲ್ಲಿ ಯಾರು ಬೇಕಾದ್ರೂ ತಗೋತಾರೆ ರೀ. ಆಗ ಇಲ್ಲಿಂದಾನೇ ದಿನಾ ಓಡಾಡಬಹುದು.”

“ಹೋದ ಸಲ ನೀನು ಒಂದು ವರ್ಷ ಅಂದಿದ್ದೆ.”

“ನಾನಲ್ಲ, ನೀವು ಅಂದಿದ್ದು.”

ಅವನು ಫೋನನ್ನು ಹಿಂದಕ್ಕೆ ಕೊಟ್ಟ. “ಹೌದು, ನಾನೇ ಅಂದಿದ್ದು. ಯಾವ ಮುಖ ಇಟ್ಕೊಂಡು ಇನ್ನೊಂದು ಸಲ ಅಮ್ಮನ ಮುಂದೆ ಹೋಗಿ ನಿಂತ್ಕೊಳ್ಲಿ ಹೇಳು?”

ಆದರೂ ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಅವನೇ ಮಾತು ತೆಗೆದ. ಸರಸಮ್ಮ ಸಾರಿನ ಸೌಟು ಹಿಡಿದು ನಿಂತೇ ಕೇಳಿದರು. ಮೊದಲು ಬಾಯಿ ಬಿಟ್ಟವನು ಸ್ವಾಮಿ.

“ಅತ್ಗೆ, ಹೋಗಿ. ನಿಮ್ ವಿದ್ಯೆ, ನೀವು ಹೋಗಿ. ನಾನು ಬ್ಯಾಡ ಅನ್ನಕ್ಕಿಲ್ಲ.”

“ಸ್ವಾಮಿ, ಹಾಗಲ್ಲ...”

“ಇನ್ ಹೆಂಗೆ? ಒಂದು ವರ್ಷ ನಿಮ್ ಮಗೂನ ನಾನು ಬೈಕಲ್ಲಿ ಕೂರಿಸ್ಕಂಡ್ ತಿರುಗ್ದೆ. ಸ್ಕೂಲಲ್ಲಿ ಮಿಸ್ಸು ನನ್ನನ್ನೇ ಅಪ್ಪ ಅಂತ ತಿಳ್ಕಂಡಿದ್ರು. ನಾನೂ ಅಲ್ಲ ಅನ್ನಕ್ಕೋಗ್ಲಿಲ್ಲ ಬುಡಿ, ಒಂದಿನನಾರ ಯಾರಾದ್ರೂ ಅನ್ಲಿ ಅಂತ. ಹನ್ನೊಂದು ಮನೇಲಿ ಉಪ್ಪಿಟ್ಟು ತಿಂದಿದ್ದೀನಿ ಅತ್ಗೆ. ಹನ್ನೆರಡ್ನೇ ಮನೇಗೆ ನಾನು ಹೋಗಕ್ಕಿಲ್ಲ.”

“ಲೇ, ಸುಮ್ಕೆ ಉಣ್ಲಾ,” ಎಂದರು ಹನುಮಂತಯ್ಯ.

“ಉಣ್ತಾನೇ ಇವ್ನಿ ಕಣಪ್ಪ. ಬೇರೆ ಏನ್ ಮಾಡಿವ್ನಿ ನಾನು?”

ಸರಸಮ್ಮ ಸೌಟನ್ನು ಪಾತ್ರೆಗೆ ಇಳಿಸಿ, “ಅವ್ಳು ಹಗಲೂ ರಾತ್ರಿ ಓದವ್ಳೆ ಸ್ವಾಮಿ, ಆಟಕ್ಕೋಗಿರ್ಲಿಲ್ಲ” ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, ಅದೇ ದನಿಯಲ್ಲಿ, “ನಂಗೂ ಮಂಡಿ ಮೊದಲಿನಂಗಿಲ್ಲ ಕಣವ್ವಾ” ಎಂದರು. ಎರಡೂ ಮಾತು ನಿಜವಾಗಿತ್ತು.

ಮರುದಿನ ಮಧ್ಯಾಹ್ನ ಪ್ರತಿಮಾ ಸಿರಿಯ ಜಡೆ ಹಾಕುತ್ತ ಕೇಳಿದಳು. “ಪುಟ್ಟಾ, ನಾವಿಬ್ಬರೂ ಮುಂಬೈಗೆ ಹೋಗಿ ಇರೋಣ್ವಾ? ಅಲ್ಲಿ ಸಮುದ್ರ ಇದೆ. ದೊಡ್ಡ ಸ್ಕೂಲು.”

ಸಿರಿ ಯೋಚಿಸಿದಳು. “ಅಮ್ಮಾನೂ ಬತ್ತಾಳಾ?”

“ನಾನೇ ಅಲ್ವಾ ಅಮ್ಮ?”

“ಊಹ್ಞೂ. ಅಮ್ಮ.” ಮಗು ಹುಳುಮನೆಯ ಕಡೆ ಕೈ ತೋರಿಸಿತು.

ಪ್ರತಿಮಾ ಜಡೆಯ ತುದಿಗೆ ರಿಬ್ಬನ್ನು ಕಟ್ಟಿದಳು. ಹೆಚ್ಚು ಯೋಚಿಸಿದರೆ ಇನ್ನೊಂದು ವಾರ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಅಂದೇ ಸಂಜೆ, ವೈಯಕ್ತಿಕ ಕಾರಣಗಳಿಂದ ಬರಲಾಗುತ್ತಿಲ್ಲ ಎಂದು ಮೂರು ಸಾಲು ಬರೆದು ಕಳಿಸಿದಳು. ಸ್ವಾಮಿಯನ್ನು ಕರೆದು, “ಮಳಿಗೆಯವರಿಗೆ ಅಡ್ವಾನ್ಸ್ ಕೊಟ್ಟುಬಿಡಿ” ಎಂದಳು.

ಸ್ವಾಮಿ ನಂಬಲಿಲ್ಲ. “ನೀವು ನನ್ ಮಾತಿಗೆ ಬೇಜಾರ್ ಮಾಡ್ಕಂಡು...”

“ಇಲ್ಲ. ಮಾಡೋಣ. ಆದರೆ ನನ್ನ ಸಹಿ ಕಂಪ್ಯೂಟರಲ್ಲಿ ಇರಲ್ಲ. ನಾನು ನೋಡಿದ್ದಕ್ಕೆ ಮಾತ್ರ ನಾನು ಸಹಿ ಹಾಕೋದು. ಇದನ್ನ ಮರಳವಾಡಿಯವರಿಗೂ ಹೇಳಿ.”

“ನೀವು ಹೇಳ್ದಂಗೆ ಅತ್ಗೆ,” ಎಂದು ಅವನು ಅಲ್ಲೇ ಬೈಕು ಒದ್ದು ಹೊರಟ. ಮರಳವಾಡಿಯವರು ಹೂಂ ಅಂದರು. ಒಂದೆರಡು ತಿಂಗಳು ಆ ಮನೆಯಲ್ಲಿ ಹಬ್ಬದ ಗಾಳಿ ಇತ್ತು. ಸ್ವಾಮಿ ಸೊಪ್ಪು ಹಾಕಿ ಮುಗಿಸಿ ಐಜೂರಿಗೆ ಓಡುತ್ತಿದ್ದ. ಗೋಡೆಗೆ ಸುಣ್ಣ, ನೆಲಕ್ಕೆ ಟೈಲ್ಸು, ಬಾಗಿಲಿಗೆ ಗಾಜು. ಕಚೇರಿಗಳಿಗೆ ಅಲೆದು ಪರವಾನಗಿಯ ಅರ್ಜಿ ಕೊಟ್ಟ. ಸರಸಮ್ಮ ಕಬ್ಬಾಳಮ್ಮನಿಗೆ ಹರಕೆ ಹೊತ್ತರು. ಅಮೂಲ್ಯ ಆಗಾಗ ಪ್ರತಿಮಾಳಿಗೆ ಫೋನು ಮಾಡಿ ಯಾವ ಯಂತ್ರ, ಯಾವ ಕಂಪನಿ ಎಂದು ವಿಚಾರಿಸುತ್ತಿದ್ದಳು.

ಜೂನ್ ಕೊನೆಯಲ್ಲಿ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಲು ಹೋಗಿದ್ದಾಗ ಸ್ವಾಮಿಗೆ ಕಬ್ಬಾಳೇಗೌಡನ ಫೋನು ಬಂತು. ಗೂಡಿನ ಹರಾಜಿನ ಗಲಾಟೆಯಲ್ಲಿ ಕೇಳಿಸದೆ ಹೊರಗೆ ಬಂದು ಮಾತಾಡಿದ. ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಪರ್ಮನೆಂಟ್ ಇರುವ ಹುಡುಗ, ಅಮೂಲ್ಯಳಿಗೆ ಹಾರೋಹಳ್ಳಿಯ ಸಂಬಂಧ, ತಾನಾಗಿಯೇ ಬಂದದ್ದಂತೆ. ಲ್ಯಾಬು ಶುರುವಾಗಿ, ನಿಂತು, ನಡೆದು, ಯಾವ ಕಾಲಕ್ಕೋ. ಡಾಕ್ಟರಮ್ಮ ಎಲ್ಲದಕ್ಕೂ ತಾನೇ ಕೂತು ಸಹಿ ಹಾಕುತ್ತಾರೆಂದರೆ ದಿನಕ್ಕೆ ಎಷ್ಟಾದೀತು? “ಹೆಣ್ಣೆತ್ತೋರ ಕಷ್ಟ ಒಸಿ ಅರ್ಥ ಮಾಡ್ಕಳಪ್ಪ” ಎಂದು ಕಬ್ಬಾಳೇಗೌಡ ಬೇಸರದಿಂದಲೇ ಹೇಳಿದ.

ಸ್ವಾಮಿ ಮನೆಗೆ ಬಂದು ಖಾಲಿ ಕ್ರೇಟುಗಳನ್ನು ಇಳಿಸಿ, ಒಂದೊಂದನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ. ಅದೆಲ್ಲ ಆದ ಮೇಲೆಯೇ ವಿಷಯ ಹೇಳಿದ. ಸರಸಮ್ಮ ಗಟ್ಟಿಯಾಗಿ ಅತ್ತರು. ಪ್ರತಿಮಾ ಬಾವಿಕಟ್ಟೆಯ ಬಳಿ ಬಂದು ನಿಂತಳು.

“ಸಹಿ ವಿಷಯ ನಾನು ಹಾಗೆ ಹೇಳಬಾರದಿತ್ತೇನೋ.”

“ಅದಲ್ಲ ಅತ್ಗೆ. ಅದು ಇಲ್ದಿದ್ರೆ ಇನ್ನೊಂದು ಸಿಗೋದು ಅವ್ರಿಗೆ.” ಅವನು ಕೈ ಒರೆಸಿಕೊಂಡ. “ನೀವು ನನ್ನಿಂದಾಗಿ ಆ ಕೆಲ್ಸ ಬುಟ್ರಿ.”

“ನಿಮ್ಮಿಂದ ಅಲ್ಲ.”

“ಮತ್ ಯಾರಿಂದ?”

ಪ್ರತಿಮಾ ಒಂದು ಕ್ರೇಟನ್ನು ಬಿಸಿಲಿನ ಕಡೆಗೆ ತಿರುಗಿಸಿಟ್ಟಳು. ಅವತ್ತು ಸಂಜೆ ಅಮೂಲ್ಯಳಿಂದ ಒಂದು ಮೆಸೇಜು ಬಂತು: “ಅಕ್ಕ ಕ್ಷಮಿಸಿ. ನನ್ನ ಯಾರೂ ಕೇಳಲಿಲ್ಲ. ಮದುವೆ ಆದಮೇಲೆ ಕೆಲಸಕ್ಕೆ ಕಳಿಸಲ್ಲವಂತೆ.”

ಜಯಕುಮಾರನ ಒತ್ತಾಯಕ್ಕೆ ಪ್ರತಿಮಾ ಮುಂಬೈಗೆ ಮತ್ತೆ ಬರೆದಳು. ಎರಡನೆಯ ದಿನವೇ ಉತ್ತರ ಬಂತು. ಹುದ್ದೆ ಭರ್ತಿಯಾಗಿದೆ, ಮುಂದೆ ಅವಕಾಶವಾದರೆ ತಿಳಿಸುತ್ತೇವೆ, ಶುಭವಾಗಲಿ. ಅವಳ ಜೊತೆಯಲ್ಲಿ ಫೆಲೋಶಿಪ್ ಮಾಡಿದ ಇನ್ನೊಬ್ಬ ಹುಡುಗ ಸೇರಿಕೊಂಡಿದ್ದ. ಅವನು ಫೋನು ಮಾಡಿ, “ನೀವು ಬರ್ತೀರಿ ಅಂತ ಗೊತ್ತಿದ್ದಿದ್ದರೆ ನಾನು ಅರ್ಜಿ ಹಾಕ್ತಾನೇ ಇರಲಿಲ್ಲ” ಎಂದ. ಅವನಿಗೂ ಅಷ್ಟು ದಿನ ಕೆಲಸ ಸಿಕ್ಕಿರಲಿಲ್ಲ.

ಕೊಟ್ಟ ಅಡ್ವಾನ್ಸ್ ವಾಪಸ್ ಬರುವಂತಿರಲಿಲ್ಲ. ಹಾಕಿಸಿದ ಟೈಲ್ಸು ಕಿತ್ತು ತರುವಂತಿರಲಿಲ್ಲ. ಆಗಸ್ಟಿನಲ್ಲಿ ಪರವಾನಗಿ ಬಂತು, ಲ್ಯಾಬು ಶುರುವಾಯಿತು. ಮಾರಮ್ಮ ಎಂಬ ಐವತ್ತರ ಹೆಂಗಸು ಕಸ ಗುಡಿಸಿ ಗಾಜು ತೊಳೆಯಲು ಬರುತ್ತಿದ್ದಳು. ಸ್ವಾಮಿ ಬೆಳಗಿನ ಸೊಪ್ಪು ಹಾಕಿ, ಅಂಗಿ ಬದಲಿಸಿ, ಹೊರಗಿನ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಿದ್ದ. ಪ್ರತಿಮಾಳೇ ರಕ್ತ ತೆಗೆದು, ತಾನೇ ಪರೀಕ್ಷಿಸಿ, ತಾನೇ ಸಹಿ ಹಾಕುತ್ತಿದ್ದಳು. ದಿನಕ್ಕೆ ಐದಾರು ಜನ. ಸಕ್ಕರೆ, ಮೂತ್ರ, ಥೈರಾಯ್ಡು. ಡೆಂಗಿ ಹೆಚ್ಚಾದ ವಾರ ಹದಿನೈದು ಜನ ಬಂದಾಗ ಮನೆಯಲ್ಲಿ ಪಾಯಸ ಮಾಡಿದರು. ಪ್ರಿಂಟ್ ಒತ್ತಿದರೆ ಸಹಿ ಬರುವ ಬೇರೆ ಲ್ಯಾಬುಗಳು ಅದೇ ರಸ್ತೆಯಲ್ಲಿ ಮೂರಿದ್ದವು; ಅಲ್ಲಿ ರಿಪೋರ್ಟು ಬೇಗ ಸಿಗುತ್ತಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಸ್ವಾಮಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಬಿಳಿ ಗಡ್ಡದ ಮನುಷ್ಯರೊಬ್ಬರು ಹೆಂಡತಿಯನ್ನು ನಿಧಾನವಾಗಿ ನಡೆಸಿಕೊಂಡು ಬಂದರು. ಹೆಸರು ಬಿಸ್ಮಿಲ್ಲಾ. ರಾಮನಗರದಲ್ಲೇ ಗೂಡಿನಿಂದ ನೂಲು ಬಿಚ್ಚುವವರು. ಸ್ವಾಮಿಯ ಮನೆಯ ಗೂಡನ್ನೂ ಒಂದೆರಡು ಸಲ ಹರಾಜಿನಲ್ಲಿ ಹಿಡಿದಿದ್ದರು. ಹೆಂಡತಿ ಖುರ್ಷಿದಾ ಮೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

“ರಕ್ತ ಟೆಸ್ಟಾ ಸಾಬ್ರೇ?” ಎಂದ ಸ್ವಾಮಿ.

“ಇಲ್ಲಪ್ಪಾ. ಓದಿಸ್ಬೇಕು.” ಅವರು ಚೀಲದಿಂದ ಒಂದು ದಪ್ಪ ಲಕೋಟೆ ತೆಗೆದರು. “ಬೆಂಗಳೂರಲ್ಲಿ ಕೊಟ್ಟಿದ್ದು. ಹೊರಗಡೆ ಬೋರ್ಡಲ್ಲಿ ಡಾಕ್ಟರ್ ಹೆಸರಿನ ಕೆಳಗೆ ಉದ್ದಕ್ಕೆ ಏನೋ ಬರೆದೈತಲ್ಲ, ಅದೇ ಹೆಸರು ಈ ಕಾಗದದ ಮೇಲೂ ಐತೆ ಅಂತ ನಮ್ಮ ಹುಡುಗ ಮತೀನ್ ಹೇಳ್ದ.”

ಪ್ರತಿಮಾ ಅವರನ್ನು ಒಳ ಕೋಣೆಗೆ ಕರೆದು ಕೂರಿಸಿದಳು. ಲಕೋಟೆಯೊಳಗೆ ಹನ್ನೆರಡು ಪುಟಗಳ ವರದಿ. ಖುರ್ಷಿದಾಳ ಶ್ವಾಸಕೋಶದ ಗಡ್ಡೆಯ ಚೂರು, ಮೇಣದ ತುಂಡಾಗಿ ಗುರುಗ್ರಾಮಕ್ಕೆ ಹೋಗಿ, ಅಕ್ಷರಗಳಾಗಿ ತಿರುಗಿ ಬಂದಿತ್ತು. ಎಂಟು ತಿಂಗಳ ಮೇಲೆ ಪ್ರತಿಮಾಳ ಕೈಗೆ ತನ್ನ ವಿದ್ಯೆಯ ಕಾಗದ ಸಿಕ್ಕಿತ್ತು. ಕಣ್ಣು ತಾನಾಗಿಯೇ ಎಲ್ಲಿ ನೋಡಬೇಕೋ ಅಲ್ಲಿಗೆ ಹೋಯಿತು. ಒಂದೊಂದೇ ಜೀನಿನ ಹೆಸರು, ಅದರ ಮುಂದಿನ ಖಾನೆ, ಮಾದರಿಯ ಗುಣಮಟ್ಟ, ಯಂತ್ರ ಒಂದೊಂದು ಅಕ್ಷರವನ್ನು ಎಷ್ಟು ಸಲ ಓದಿದೆ ಎಂಬ ಸಂಖ್ಯೆ. ಪರೀಕ್ಷೆಯಲ್ಲಿ ತಪ್ಪಿರಬಹುದೇ ಎಂದು ಹುಡುಕಿದಳು. ತಪ್ಪಿರಲಿಲ್ಲ. ಒಳ್ಳೆಯ ಲ್ಯಾಬು, ಶುದ್ಧವಾದ ಕೆಲಸ.

“ಅಲ್ಲಿ ಡಾಕ್ಟರು ಏನಂದ್ರು?”

“ಕೀಮೋ ಬಾಟ್ಲಿ ಹಾಕೋದು ಇನ್ನು ಆಗಲ್ಲ, ಮೈ ತಡೆಯಲ್ಲ ಅಂದ್ರು. ಈ ಕಾಗದದಲ್ಲಿ ಏನಾದ್ರೂ ಬಂದ್ರೆ ಗುಳಿಗೆ ಕೊಡ್ತೀವಿ, ನೋಡೋಣ ಅಂದ್ರು. ಕಾಗದ ಬಂತು. ಅವರು ಮೊದಲ್ನೇ ಪುಟ ನೋಡಿ, ಮನೆಗೆ ಕರ್ಕಂಡ್ ಹೋಗಿ ಅಂದ್ರು. ಒಳಗೆ ತೆರೀಲೇ ಇಲ್ಲ ಮೇಡಂ. ಹನ್ನೆರಡು ಹಾಳೆ ಐತೆ.”

ಖುರ್ಷಿದಾ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು. “ನೀವು ಇದನ್ನ ಓದೋಕೆ ಕಲ್ತಿದ್ದೀರಾ?”

“ಹೂಂ. ಮುಂಬೈಲಿ ಒಂದು ವರ್ಷ ಕಲಿತೆ.”

“ಇದಕ್ಕೇ ಒಂದು ವರ್ಷ?”

“ಇದಕ್ಕೇ.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರಿಯಾದ ಜಾಗಕ್ಕೆ ಬಂದೆವು ಎಂಬ ಸಮಾಧಾನ ಅವರ ಕಣ್ಣಲ್ಲಿತ್ತು. ಪ್ರತಿಮಾ ವರದಿಯನ್ನು ಮೇಜಿನ ಮೇಲಿಟ್ಟಳು.

“ಗುಳಿಗೆ ಕೆಲಸ ಮಾಡಬೇಕಾದರೆ ಗಡ್ಡೆಯಲ್ಲಿ ಕೆಲವು ಗುರುತುಗಳು ಸಿಗಬೇಕು ಅಮ್ಮ. ಇದರಲ್ಲಿ ಅವೆಲ್ಲವನ್ನೂ ಹುಡುಕಿದ್ದಾರೆ. ಚೆನ್ನಾಗಿಯೇ ಹುಡುಕಿದ್ದಾರೆ. ಯಾವುದೂ ಸಿಕ್ಕಿಲ್ಲ.”

“ಒಂದೂ ಇಲ್ವಾ?”

“ಇಲ್ಲ.”

“ಇಷ್ಟು ಹಾಳೆಯಲ್ಲಿ?”

ಹೊರಗೆ ಸ್ವಾಮಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿದ ಸದ್ದಾಯಿತು. ಬಿಸ್ಮಿಲ್ಲಾ ಲಕೋಟೆಯನ್ನು ಮಡಿಸಿ, ಬಿಡಿಸಿ, ಮೊಣಕಾಲ ಮೇಲೆ ಒತ್ತಿ ಸಾಪುಮಾಡಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಬೇಗ ಬೇಗ ತಿರುಗಿಸಿದ್ರಿ. ಒಂದು ಸಲ, ನಿಧಾನಕ್ಕೆ, ನಮಗೆ ಕೇಳೋ ಹಾಗೆ ಓದ್ತೀರಾ? ಎಲ್ಲಾದ್ರೂ ಒಂದು ಕಡೆ ಇರಬಹುದು.”

ಇರಲಿಲ್ಲ. ಈ ನಾಲ್ಕು ತಾಲೂಕಿನಲ್ಲಿ ಅದನ್ನು ಅಷ್ಟು ಖಚಿತವಾಗಿ ಹೇಳಬಲ್ಲವರು ಬೇರೊಬ್ಬರಿಲ್ಲದೆ ಇರಬಹುದು. ಪ್ರತಿಮಾ ಪುಟಗಳನ್ನು ಜೋಡಿಸಿ, ಮೊದಲನೆಯದನ್ನು ಮೇಲಿಟ್ಟು, ಕುರ್ಚಿಯನ್ನು ಅವರ ಕಡೆಗೆ ಎಳೆದುಕೊಂಡಳು. ಇಂಗ್ಲಿಷಿನ ಸಾಲಿನ ಕೆಳಗೆ ಬೆರಳಿಟ್ಟು ಕನ್ನಡದಲ್ಲಿ ಓದತೊಡಗಿದಳು.

“ಹೆಸರು, ಖುರ್ಷಿದಾ ಬೇಗಂ. ವಯಸ್ಸು, ಐವತ್ತೆರಡು.”

“ಹೌದು,” ಎಂದಳು ಖುರ್ಷಿದಾ, ಮುಂದಕ್ಕೆ ಬಗ್ಗಿ.